ಸಂಜೆಪೇಟೆಯ ಸಾತಪ್ಪ ಕಾಕಾ

ಈ ಸಭೆಯ ಅಧ್ಯಕ್ಷರೂ ನಿವೃತ್ತ ಮುಖ್ಯೋಪಾಧ್ಯಾಯರೂ ಆದ ಬಸಲಿಂಗಪ್ಪ ಗುರುಗಳೇ, ಈಗಷ್ಟೇ ಸನ್ಮಾನ ಸ್ವೀಕರಿಸಿ, ಹೆಗಲ ಮೇಲಿನ ಶಾಲು ಜಾರದಂತೆ ಹಿಡಿದುಕೊಂಡು ಕುಳಿತಿರುವ ಲೇಖಕಿ ಸಮೃದ್ಧಿ ಅವರೇ, ಬೆಳಗಾವಿಯಿಂದ ರೈಲು ಹತ್ತಿ ಹೊತ್ತಿಗೆ ಸರಿಯಾಗಿ ಬಂದವರೇ, ಖಾನಾಪುರದಲ್ಲೇ ಇದ್ದು ತಡವಾಗಿ ಬಂದ ನನ್ನ ಆತ್ಮೀಯ ಸಭಿಕರೇ,

ನನ್ನ ಹೆಸರು ಪ್ರಮಿಳಾ. ಇದೇ ಊರಿನ ಮಹಿಳಾ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುತ್ತೇನೆ. ಮನೆ ದೇಸೂರಿನಲ್ಲಿ. ‘ಸಂಜೆಪೇಟೆ’ ಕಾದಂಬರಿ ಮಾಲೆಯ ಐದನೆಯ ಭಾಗದ ಬಗ್ಗೆ ಓದುಗರ ಪರವಾಗಿ ಮಾತಾಡಬೇಕೆಂದು ಇಲ್ಲಿನ ಸಾಹಿತ್ಯ ಬಳಗದವರು ಕೇಳಿದಾಗ ನಾನು ಬೇಡವೆಂದೆ. ಬಟ್ಟೆ ಎಲ್ಲಿ ಕತ್ತರಿಸಬೇಕೆಂದು ನನಗೆ ಗೊತ್ತು, ಮಾತು ಎಲ್ಲಿ ಕತ್ತರಿಸಬೇಕೆಂದು ಗೊತ್ತಿಲ್ಲ ಎಂದೆ. ಅವರು ಕೇಳಲಿಲ್ಲ. ಈಗ ನೀವು ಕೇಳಬೇಕು.

ಓದದವರಿಗಾಗಿ ಹೇಳುತ್ತೇನೆ. ಸಂಜೆಪೇಟೆ ಎಂಬುದು ಬೆಳಗಾವಿಯೊಳಗಿನ ಇನ್ನೊಂದು ಬೆಳಗಾವಿ. ಖಡೇಬಜಾರಿನಲ್ಲಿ ದೀಪ ಹತ್ತುವ ಹೊತ್ತಿಗೆ, ಒಂದು ಬಟ್ಟೆ ಅಂಗಡಿಗೂ ಪಾತ್ರೆ ಮಾರುವ ಒಂದು ಬಾಂಡೆ ಅಂಗಡಿಗೂ ನಡುವೆ, ಹಗಲಿನಲ್ಲಿ ಇರದ ಓಣಿಯೊಂದು ತೆರೆದುಕೊಳ್ಳುತ್ತದೆ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳೆಲ್ಲ ತಮ್ಮ ಹಕ್ಕಿಗಳ ಸಮೇತ ಅಲ್ಲಿ ನಿಂತಿವೆ. ಮುಚ್ಚಿಹೋದ ಟಾಕೀಜುಗಳಲ್ಲಿ ಆಟ ನಡೆದೇ ಇದೆ. ಚಂದ್ರಿ ಎಂಬ ಹೆಣ್ಣುಮಗಳು ಏಣಿ ಹೊತ್ತು ತಿರುಗುತ್ತ ಬೀದಿ ದೀಪ ಹಚ್ಚುತ್ತಾಳೆ. ಸಾತಪ್ಪ ಕಾಕಾ ಎಂಬ ಕುದುರೆ ಟಾಂಗಾದವನು ದಾರಿ ತಪ್ಪಿ ಬಂದವರನ್ನು ಕೂರಿಸಿಕೊಂಡು ಊರು ತೋರಿಸುತ್ತಾನೆ. ಇದನ್ನೆಲ್ಲ ಬರೆದವರು ಸಮೃದ್ಧಿಯವರ ತಂದೆ ತಮ್ಮಣ್ಣನವರು. ನಾಲ್ಕನೆಯ ಭಾಗದ ಕೊನೆಗೆ ಓಣಿ ಮುಚ್ಚಿಕೊಂಡಿತು, ಚಂದ್ರಿ ಆಚೆಯೇ ಉಳಿದಳು. ಮುಂದಿನದನ್ನು ಬರೆಯುವ ಮೊದಲೇ ತಮ್ಮಣ್ಣನವರು ತೀರಿಕೊಂಡರು. ಐದನೆಯದು ಮಗಳ ಬರವಣಿಗೆ.

ಸಭಿಕರೇ, ಒಬ್ಬರು ಬಿಟ್ಟುಹೋದದ್ದನ್ನು ಇನ್ನೊಬ್ಬರು ಮುಂದುವರಿಸಬಹುದೇ? ಪತ್ರಿಕೆಗಳಲ್ಲಿ ದೊಡ್ಡವರು ಇದನ್ನು ಕೇಳಿದ್ದಾರೆ. ನಮ್ಮ ಮನೆಯಲ್ಲಿ ಕೇಳಿದವಳು ಲಕ್ಷ್ಮೀ.

ಲಕ್ಷ್ಮೀ ನನ್ನ ಯಜಮಾನರ ಮಗಳು. ಅವಳ ತಾಯಿ ಕಾಶವ್ವ ಕಾಮಾಲೆಯಿಂದ ಹೋದ ಮೇಲೆ ನಾನು ಮದುವೆಯಾಗಿ ಆ ಮನೆಗೆ ಬಂದೆ. ಹುಡುಗಿ ಆಗ ಸಾಲಿಯಲ್ಲಿ ಎಂಟನೆಯ ಇಯತ್ತೆ. ನನ್ನನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಅವ್ವ ಎನ್ನುವುದು ದೂರದ ಮಾತು, ಚಿಕ್ಕವ್ವ ಎಂಬರ್ಥದ ಮೌಶಿ ಎಂದೂ ಇಲ್ಲ. “ಚಹಾ ಆಗೇತೇನು?” ಎಂದು ಗೋಡೆಯನ್ನು ಕೇಳುತ್ತಿದ್ದಳು. ಗೋಡೆಯ ಪರವಾಗಿ ನಾನು ಉತ್ತರ ಕೊಡುತ್ತಿದ್ದೆ.

ನಾಲ್ಕೂ ಭಾಗಗಳನ್ನು ಕಾಶವ್ವ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದ್ದಳಂತೆ. ಹಾಗೆಂದು ನನಗೆ ಹೇಳಿದವರು ಅತ್ತೆ ಭರಮವ್ವ, ಅದೂ ಪಿಸುಮಾತಿನಲ್ಲಿ. ಆ ಮನೆಯಲ್ಲಿ ಕಾಶವ್ವನ ಸುದ್ದಿ ಯಾರೂ ಎತ್ತುತ್ತಿರಲಿಲ್ಲ. ನನಗೆ ನೋವಾಗಬಾರದೆಂದು ಅವರು, ಅವರಿಗೆ ನೋವಾಗಬಾರದೆಂದು ನಾನು.

ಹೋದ ಚಳಿಗಾಲದಲ್ಲಿ ಹೊಲಿಗೆ ಯಂತ್ರದ ಬೆಲ್ಟು ತರಲು ಬೆಳಗಾವಿಗೆ ಹೋಗಿದ್ದೆ. ನಿಲ್ದಾಣದ ಪುಸ್ತಕದಂಗಡಿಯಲ್ಲಿ ಐದನೆಯ ಭಾಗ ಕಂಡಿತು. ಬೆಲ್ಟು ಮರೆತು ಪುಸ್ತಕ ತಂದೆ. ಲಕ್ಷ್ಮಿಯ ಕಣ್ಣು ಮುಖಪುಟ ನೋಡಿ ಅರಳಿದವು. ಆಮೇಲೆ ಬರೆದವರ ಹೆಸರು ಓದಿದಳು.

“ಇದು ಅವರು ಬರದದ್ದಲ್ಲ. ಇವರಿಗೆ ಯಾರು ಹೇಳಿದ್ರು ಬರೀರಿ ಅಂತ? ನಾ ಓದಂಗಿಲ್ಲ,” ಎಂದು ಎದ್ದು ಹೋದಳು.

ಅತ್ತೆ ನನ್ನ ಮುಖ ನೋಡಿ, “ಅಕಿ ಪುಸ್ತಕಕ್ಕ ಅಂದಾಳವಾ, ನಿನಗಲ್ಲ,” ಎಂದರು.

“ಯಾರಿಗೆ ಅಂದಾಳ ಅಂತ ನನಗ ತಿಳೀತು ಬಿಡ್ರೀ ಅತ್ತಿ,” ಎಂದೆ.

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಪುಸ್ತಕದ ಬಗ್ಗೆ ಮಾತಾಡಲು ಬಂದವಳು ನಾನು. ಅಧ್ಯಕ್ಷರು ಕ್ಷಮಿಸಬೇಕು.

ಮೊದಲಿನ ನಾಲ್ಕನ್ನು ನಾನು ಓದಿರಲಿಲ್ಲ. ಕಾಶವ್ವನ ಪ್ರತಿಗಳನ್ನು ತೆಗೆದುಕೊಳ್ಳಲೇ ಎಂದು ಲಕ್ಷ್ಮಿಯನ್ನು ಕೇಳಿದೆ. “ಹಾಳಿ ಮಡಚಬಾರದು,” ಎಂದು ಗೋಡೆಗೆ ಹೇಳಿದಳು. ದಿನವೂ ಖಾನಾಪುರಕ್ಕೆ ಹೋಗಿಬರುವ ರೈಲಿನಲ್ಲಿ ಓದಿದೆ. ಕಿಟಕಿಯಾಚೆ ಭತ್ತದ ಗದ್ದೆಗಳ ಮೇಲೆ ಮಂಜು ಇಳಿಯುತ್ತಿತ್ತು, ಕಿಟಕಿಯೊಳಗೆ ಚಂದ್ರಿ ಏಣಿ ಹತ್ತುತ್ತಿದ್ದಳು. ಒಂದು ಸಂಜೆ ತಲೆಯೆತ್ತಿದರೆ ದೇಸೂರು ಹಿಂದೆ ಹೋಗಿದೆ, ಬೆಳಗಾವಿ ಬಂದಿದೆ! ಇಳಿದೆ. ಮರಳುವ ಗಾಡಿಗೆ ಹೊತ್ತಿತ್ತು. ಕಾಲು ತಾವಾಗಿಯೇ ಖಡೇಬಜಾರಿನ ಕಡೆ ನಡೆದವು.

ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಗಾಳಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ. ಒಂದು ಬಟ್ಟೆ ಅಂಗಡಿ, ಪಕ್ಕದಲ್ಲೇ ಬಾಂಡೆ ಅಂಗಡಿ, ನಡುವೆ ಗೋಡೆ. ನಾನು ಆ ಗೋಡೆಯನ್ನೇ ನೋಡುತ್ತ ನಿಂತೆ. ದೂರದಲ್ಲೆಲ್ಲೋ ಗೊರಸಿನ ಸಪ್ಪಳ ಕೇಳಿದ ಹಾಗಾಯಿತು.

“ಏನ್ ಬೇಕ್ರೀ ಅಕ್ಕಾರ?” ಎಂದ ಬಟ್ಟೆ ಅಂಗಡಿಯವ.

ಗೋಡೆಯತ್ತ ಕೈ ಮಾಡಿ, “ಇಲ್ಲೊಂದು ಓಣಿ...” ಎಂದೆ.

ಆತ ನಕ್ಕ. “ನೀವೂ ಆ ಪುಸ್ತಕದವರೇನ್ರೀ? ದಿನಾ ಯಾರರ ಬಂದ ಬರ್ತಾರ. ಬರ್ರಿ, ಕುಂದರ್ರಿ. ಓಣಿ ತೆರೆಯೂತನಾ ಚಹಾ ಕುಡೀರಿ.”

ಚಹಾ ಕುಡಿದೆ. ಓಣಿ ತೆರೆಯಲಿಲ್ಲ. ಆದರೂ ಸಭಿಕರೇ, ಹಿಂದಿರುಗುವ ಗಾಡಿಯಲ್ಲಿ ನನಗೆ ಕಾಶವ್ವನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಇಂಥ ಊರಿಗೆ ಮಗಳ ಕೈ ಹಿಡಿದು ಕರೆದೊಯ್ದ ಹೆಣ್ಣು ಎಂಥವಳಿರಬೇಕು!

ಆಮೇಲೆ ಐದನೆಯದನ್ನು ಹಿಡಿದೆ. ಓಣಿ ಮತ್ತೆ ತೆರೆಯುತ್ತದೆ, ಈ ಸಲ ಕೋಟೆ ಕೆರೆಯ ಕಡೆಯಿಂದ. ನೀರಿನಲ್ಲಿ ಬಿದ್ದ ಊರಿನ ನೆರಳಿನಲ್ಲಿ ಒಂದು ದೀಪ ಹೆಚ್ಚಿಗೆ ಕಾಣುತ್ತದೆ. ಆ ದೀಪದೊಳಗಿನಿಂದ ದಾರಿ. ಸಮೃದ್ಧಿ ಅವರೇ, ಆ ಪುಟ ಓದುವಾಗ ನನ್ನ ಮೈ ಹಗುರಾಯಿತು. ಆದರೆ ಹೊಗಳುವುದಕ್ಕೆ ಮಾತ್ರ ಕರೆದಿಲ್ಲ ತಾನೇ? ನಿಮ್ಮ ವಾಕ್ಯಗಳು ತಂದೆಯವರಷ್ಟು ಉದ್ದವಿಲ್ಲ. ಮೊದಲಲ್ಲಿ ನನಗೆ ಉಸಿರು ಸಿಕ್ಕಿಹಾಕಿಕೊಂಡಂತಾಗುತ್ತಿತ್ತು. ಇನ್ನೊಂದು ತಪ್ಪು ಹಿಡಿದೆನೆಂದು ಊಟದ ಹೊತ್ತಿಗೆ ಅತ್ತೆಯ ಮುಂದೆ ಜಂಬದಿಂದ ಹೇಳಿದೆ: “ಸಾತಪ್ಪ ಕಾಕಾನ ಕುದರಿ ಕರೇದಿತ್ತ್ರೀ. ಇವರು ಕೆಂದ ಕುದರಿ ಬರದಾರ.”

ಒಳಗಿನ ಖೋಲಿಯಿಂದ ಕೂಗು ಬಂತು. “ತಪ್ಪಿಲ್ಲ! ಮೂರನೇ ಭಾಗದಾಗ ಅಂವಗ ಎರಡು ಕುದರಿ ಅದಾವು. ಕೆಂದದು ಮರಿ ಇತ್ತು. ಈಗ ದೊಡ್ಡದಾಗೇತಿ!”

ನಾನು ತುತ್ತು ಹಿಡಿದು ಹಾಗೇ ಕುಳಿತೆ. ಐದನೆಯದನ್ನು ಓದದೆ ಈ ಮಾತು ಬರುವುದೇ? ನಾನು ಹಿತ್ತಲಿನಲ್ಲಿದ್ದಾಗ, ನೀರಿಗೆ ಹೋದಾಗ, ಆ ಹುಡುಗಿ ಕದ್ದು ಓದುತ್ತಿದ್ದಳು. ಓದಿದ್ದು ಮಾತ್ರವಲ್ಲ, ಬರೆದವರ ಪರ ನಿಂತು ನನ್ನೊಡನೆ ಜಗಳಕ್ಕೆ ಬಂದಿದ್ದಳು. ಗೋಡೆಯೊಡನೆ ಅಲ್ಲ, ನನ್ನೊಡನೆ!

ಬಾಗಿಲಲ್ಲಿ ಬಂದು ನಿಂತಳು. ಮುಖ ಕೆಂಪಾಗಿತ್ತು.

“ಕಡೀ ಅಧ್ಯಾಯ ಓದೀಯೇನು?” ಎಂದೆ.

“ಇಲ್ಲ. ಅದನ್ನ ಒಬ್ಬಾಕೀನ ಓದಾಕ ಆಗಂಗಿಲ್ಲ.” ಬಾಗಿಲು ದಾಟಿ ಬಂದು, “ಅವ್ವ ಎಲ್ಲಾರ ದನೀನೂ ತಗೀತಿದ್ಲು,” ಎಂದಳು.

ಅತ್ತೆ ಕೈ ತೊಳೆದು ಬಂದು ಕುಳಿತರು. ಯಜಮಾನರು ರೇಡಿಯೋ ಬಂದ್ ಮಾಡಿದರು. ನಾನು ಪುಸ್ತಕ ಬಿಚ್ಚಿ ಚಂದ್ರಿಯ ಮಾತು ಶುರು ಮಾಡಿದೆ. ಎರಡು ಸಾಲು ಆಗಿರಲಿಲ್ಲ, ಹುಡುಗಿ ಪುಸ್ತಕ ಕಸಿದುಕೊಂಡಳು.

“ನಿಮಗ ಚಂದ್ರಿ ದನಿ ಬರಂಗಿಲ್ಲ. ಅದು ನಂದು. ನೀವು ಸಾತಪ್ಪ ಕಾಕಾ ಆಗ್ರಿ.”

ನಾನು ಸಾತಪ್ಪ ಕಾಕಾ ಆದೆ. ಗಂಟಲು ದಪ್ಪ ಮಾಡಿ, ನಡುನಡುವೆ ಕೆಮ್ಮಿ, ಕುದುರೆಗೆ ಮರಾಠಿಯಲ್ಲಿ ಬೈದೆ. ಲಕ್ಷ್ಮೀ ಚಂದ್ರಿಯಾದಳು. ಓದುತ್ತ ಓದುತ್ತ ಅವಳ ದನಿ ಮೆಲ್ಲಗೆ ಬೇರೆಯಾಗುತ್ತ ಹೋಯಿತು. ಹೊರಗೆ ರೈಲು ಹಾದುಹೋಗಿ ಗೂಡಿನ ಪಾತ್ರೆಗಳು ಸಣ್ಣಗೆ ನಡುಗಿದವು. ಯಾರು ಓದುತ್ತಿದ್ದಾರೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು, “ಕಾಶೀನ ಓದಿದಂಗ ಆತು,” ಎಂದರು. ಆ ಹೆಸರು ಆ ಮನೆಯಲ್ಲಿ ನನಗೆ ಗಟ್ಟಿಯಾಗಿ ಕೇಳಿದ್ದು ಆವತ್ತೇ ಮೊದಲು. ಯಾರೂ ನನ್ನ ಮುಖ ನೋಡಲಿಲ್ಲ. ನಾನೂ ತಲೆ ತಗ್ಗಿಸಲಿಲ್ಲ. ಪುಸ್ತಕ ಮುಗಿದ ಮೇಲೆ ಲಕ್ಷ್ಮೀ ತನ್ನ ಅವ್ವನ ಸುದ್ದಿ ಹೇಳುತ್ತ ಹೋದಳು, ನಾವು ಕೇಳುತ್ತ ಕುಳಿತೆವು.

ಸಮೃದ್ಧಿ ಅವರೇ, ನಿಮಗೆ ಯಾರು ಹೇಳಿದರು ಬರೆಯಲು? ಯಾರೂ ಹೇಳಿರಲಿಕ್ಕಿಲ್ಲ. ಯಾರೂ ಹೇಳದೆಯೇ ಬರೆದಿರಿ, ಬೈಸಿಕೊಂಡಿರಿ, ಇಲ್ಲಿ ಬಂದು ಕುಳಿತಿದ್ದೀರಿ. ಅದು ಸಣ್ಣ ಧೈರ್ಯವಲ್ಲ, ನನಗೆ ಗೊತ್ತು.

ಲಕ್ಷ್ಮೀ ನನ್ನನ್ನು ಇವತ್ತಿಗೂ ಅವ್ವ ಎನ್ನುವುದಿಲ್ಲ. ಅದು ಕಾಶವ್ವನಿಗೆ ಸೇರಿದ್ದು, ಅವಳಲ್ಲೇ ಇರಲಿ. ಆದರೆ ಈಗ ಸಾಲಿಯಿಂದ ಬಂದವಳೇ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ: “ಕಾಕಾ, ಹಸಿವ್ಯಾಗೇತಿ!” ಬಾಜು ಮನೆಯ ಗೌರವ್ವ ಗಾಬರಿಯಾಗಿ, “ಹೆಣ್ಮಗಳಿಗೆ ಕಾಕಾ ಅಂತೀಯಲ್ಲ ಹುಡುಗಿ, ತಲಿ ನೆಟ್ಟಗೈತಿಲ್ಲೋ?” ಎಂದು ಕೇಳಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದಲೇ ಗಂಟಲು ದಪ್ಪ ಮಾಡಿ, “ಬಂದೆ ತಡಿಯವ್ವಾ!” ಎಂದೆ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೂ, ಬರೆದ ಸಮೃದ್ಧಿಯವರಿಗೂ, ನಿಮ್ಮೆಲ್ಲರಿಗೂ ದೇಸೂರಿನ ಸಾತಪ್ಪ ಕಾಕಾನ ನಮಸ್ಕಾರ.