ಎಂಜಿನ್ ಮುಚ್ಚಳಕ್ಕೆ ಒಂದು ಗಂಟೆ

ನಮ್ಮ ಬಂದರಿನ ಮೀನುಗಾರರ ಸಂಘದ ಅಧ್ಯಕ್ಷರೂ ನನ್ನ ಗಂಡನ ಅಣ್ಣನೂ ಆದ ಎಲ್ಡನ್ ಗೋರಮ್ ಅವರೇ, ಇಷ್ಟು ದೂರ ಮಂಜಿನಲ್ಲಿ ಕಾರು ಓಡಿಸಿಕೊಂಡು ಬಂದಿರುವ ಮುಖ್ಯ ಅತಿಥಿ ಕೌನ್ಸಿಲರ್ ಪೈನ್ ಅವರೇ, ಮೀನಿನ ಗಟ್ಟಿ ಸಾರು ಚೌಡರ್ ಆರುವ ಮುಂಚೆ ಪ್ರಾರ್ಥನೆ ಮುಗಿಸಿ ಪುಣ್ಯ ಕಟ್ಟಿಕೊಂಡ ಪಾದ್ರಿಗಳೇ, ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಿರುವ ಮಹಿಳಾ ಮಂಡಳಿಯ ಅಕ್ಕತಂಗಿಯರೇ, ಈ ಹೆಂಗಸಿನ ಮಾತು ಮುಗಿದು ಊಟದ ಕೊನೆಯ ಸಿಹಿ ಪೈ ಯಾವಾಗ ಬಂದೀತು ಎಂದು ಕಾಯುತ್ತಿರುವ ಸಮಸ್ತ ಸಭಿಕರೇ,

ಇಪ್ಪತ್ತೈದು ವರ್ಷ ನಿಮ್ಮ ದೋಣಿಗಳ ಎಂಜಿನ್ ರಿಪೇರಿ ಮಾಡಿದ್ದಕ್ಕಾಗಿ ನನಗೆ ಈ ಫಲಕ ಕೊಟ್ಟಿದ್ದೀರಿ. ಲೀಟಾ ಗೋರಮ್ ಎಂಬ ಹೆಸರನ್ನು ತಪ್ಪಿಲ್ಲದೆ ಕೆತ್ತಿಸಿದ್ದೀರಿ. ಸಂತೋಷ. ಆದರೆ ಪೈ ತಿಂದಾದ ಮೇಲೆ ಈ ಸಭೆಯಲ್ಲಿ ಇನ್ನೊಂದು ಕಾರ್ಯಕ್ರಮವಿದೆ. ದೋಣಿ ಕಟ್ಟುವ ಧಕ್ಕೆಯ ಮೇಲಿನ ನನ್ನ ಶೆಡ್ಡು ಸಂಘಕ್ಕೆ ಸೇರಿದ್ದು. ಅದರ ಗುತ್ತಿಗೆ ಈ ವರ್ಷದ ಕೊನೆಗೆ ಮುಗಿಯುತ್ತದೆ. ಇನ್ನು ಮುಂದೆ ನಾನು ಪಟ್ಟಣದ ರಿಪೇರಿ ಕಂಪನಿಯ ಪುಸ್ತಕದಲ್ಲಿ ಅಚ್ಚಾಗಿರುವಷ್ಟು ಗಂಟೆಗೆ ಮಾತ್ರ ಮಜೂರಿ ತೆಗೆದುಕೊಳ್ಳಬೇಕು, ಒಪ್ಪದಿದ್ದರೆ ಶೆಡ್ಡನ್ನು ಆ ಕಂಪನಿಗೇ ಕೊಡಬೇಕು ಎಂಬ ನಿರ್ಣಯಕ್ಕೆ ನೀವು ಮತ ಹಾಕಲಿದ್ದೀರಿ. ಕುರಿಗೆ ಹಾರ ಹಾಕುವುದು ಯಾವ ಹೊತ್ತಿನಲ್ಲಿ ಎಂಬುದು ನನಗೂ ಗೊತ್ತು, ಸಭಿಕರೇ. ಹಾರ ಚೆನ್ನಾಗಿದೆ. ಆದರೆ ಕುರಿ ಎರಡು ಮಾತಾಡಿಯೇ ಕೆಳಗಿಳಿಯುತ್ತದೆ.

ಮೊದಲು ಜಗಳದ ಮೂಲ. ಹೋದ ತಿಂಗಳು ಅಧ್ಯಕ್ಷರ ದೋಣಿ ‘ಐರೀನ್’ಗೆ ಹೊಸ ನೀರಿನ ಪಂಪು ಹಾಕಿ ಬಿಲ್ಲು ಕಳಿಸಿದೆ. ಮರುದಿನ ಎಂಜಿನ್ ಪರೀಕ್ಷೆಗೆಂದು ಕಡಲಿಗೆ ಹೋದ ಅಧ್ಯಕ್ಷರು ಅಲ್ಲಿಂದಲೇ ಆ ಬಿಲ್ಲನ್ನು ರೇಡಿಯೋದಲ್ಲಿ ಓದಿದರು. ಯಾವ ರೇಡಿಯೋ? ಪ್ರತಿ ದೋಣಿಯಲ್ಲೂ, ಅರ್ಧ ಊರಿನ ಅಡುಗೆಮನೆಗಳಲ್ಲೂ ಕೇಳಿಸುವ ದೋಣಿ ರೇಡಿಯೋ. ನಾನು ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ಕೇಳಿದೆ.

“ಕೇಳ್ರಪ್ಪಾ ಎಲ್ಲಾರೂ! ಪಂಪಿಗಿಂತ ಮಜೂರಿನೇ ಜಾಸ್ತಿ, ಮೂಗಿಗಿಂತ ಮೂಗುತಿ ಭಾರ! ಎಂಜಿನ್ ಮುಚ್ಚಳ ತೆಗೆದು ಹಾಕಿದ್ದಕ್ಕೆ ಇಬ್ಬರು ಆಳು, ಒಂದು ಗಂಟೆ ಅಂತೆ. ಅದೇನು ದೋಣಿ ಮುಚ್ಚಳಾನಾ, ಚರ್ಚಿನ ಚಾವಣಿನಾ?”

ಅದಕ್ಕೆ ಇನ್ನೊಂದು ದನಿ, “ಮುಚ್ಚಳಕ್ಕೆ ಜೋಗುಳ ಹಾಡಿ ಮಲಗಿಸಿರ್ತಾಳೆ ಬಿಡಿ ಎಲ್ಡನ್, ಅದಕ್ಕೇ ಹೊತ್ತಾಗಿದೆ” ಎಂದಿತು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಿಲ್ಲರ್ಡ್, ಈಗ ಕಂಬದ ಹಿಂದೆ ಕೂತರೆ ಆ ದನಿ ನಿನ್ನದೆಂದು ಗೊತ್ತಾಗುವುದಿಲ್ಲ ಎಂದುಕೊಂಡೆಯಾ?

ಅದರ ಮುಂದಿನ ವಾರವೇ ಕಂಪನಿಯ ಹುಡುಗ ಪುಸ್ತಕ ಹಿಡಿದು ಬಂದ. ಒಳ್ಳೆಯ ಹುಡುಗ, ಕೈಗವಸು ಕೂಡ ಬೆಳ್ಳಗಿತ್ತು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಅವನ ಪುಸ್ತಕದಲ್ಲಿದೆ. ಎಂಜಿನ್ ಮುಚ್ಚಳ ತೆಗೆಯುವುದಕ್ಕೆ ಆರು ನಿಮಿಷ. ನೀವೆಲ್ಲ ಅದನ್ನು ನೋಡಿ, ಇಷ್ಟು ವರ್ಷ ಲೀಟಾ ನಮ್ಮ ತಲೆ ಬೋಳಿಸಿದಳು ಎಂದಿರಿ.

ನಾನು ಕೇಳುತ್ತೇನೆ, ಸಭಿಕರೇ. ಆರು ನಿಮಿಷದಲ್ಲಿ ಮುಚ್ಚಳ ತೆಗೆಯುವುದು ಹೇಗೆ? ನನಗೂ ಬರುತ್ತದೆ. ಒಂದು ಅಂಚು ಹಿಡಿದು ಎತ್ತಬೇಕು, ಮಗುಚಬೇಕು, ಅಲ್ಲೇ ದೋಣಿಯ ಮೇಲೆ ತಲೆಕೆಳಗಾಗಿ ಹಾಕಬೇಕು. ಒಬ್ಬರೇ ಸಾಕು. ಆದರೆ ಈ ಬಂದರಿನಲ್ಲಿ ಯಾರ ದೋಣಿಯಲ್ಲಿ ನಾನು ಹಾಗೆ ಮಾಡಬಹುದು? ಕೈ ಎತ್ತಿ ನೋಡೋಣ.

ಯಾರೂ ಇಲ್ಲ. ಏಕೆ? ಮುಚ್ಚಳ ಮಗುಚಿದರೆ ದೋಣಿಯೂ ಮಗುಚುತ್ತದೆ ಎಂದು ನಿಮ್ಮ ಅಜ್ಜಂದಿರು ಹೇಳಿದ್ದಾರೆ. ದೋಣಿಯ ಮೇಲೆ ನಿಂತು ಹಂದಿ ಎಂಬ ಮಾತನ್ನೂ ಆಡಬಾರದು ಎಂದಿದ್ದಾರೆ. ಈ ಸಭಾಂಗಣ ನೆಲದ ಮೇಲಿರುವುದರಿಂದ ಆಡಿದೆ, ಪಾದ್ರಿಗಳು ಕ್ಷಮಿಸಬೇಕು. ಹಾಗಾಗಿ ನಾವೇನು ಮಾಡುತ್ತೇವೆ? ಉಬ್ಬರಕ್ಕೆ ಕಾಯುತ್ತೇವೆ, ಇಳಿತದಲ್ಲಿ ದೋಣಿ ಬಾವಿಯೊಳಗೆ ಬಿದ್ದಂತೆ ಧಕ್ಕೆಯ ಕೆಳಗಿರುತ್ತದೆ. ನೀರು ಏರಿದ ಮೇಲೆ ನಾನೊಂದು ತುದಿ, ನನ್ನ ಜೊತೆ ಕೆಲಸ ಮಾಡುವ ಡೇಲ್ ಇನ್ನೊಂದು ತುದಿ ಹಿಡಿದು, ಮುಚ್ಚಳವನ್ನು ನೆಟ್ಟಗೆ ಎತ್ತಿ, ಲಾಬ್‌ಸ್ಟರ್ ಹಿಡಿಯುವ ಬೋನುಗಳ ರಾಶಿಯನ್ನು ದಾಟಿಸಿ, ಧಕ್ಕೆಗೆ ಏರಿಸಿ, ಮುಖ ಮೇಲಾಗಿ ಇಡುತ್ತೇವೆ. ಕೆಲಸ ಮುಗಿದ ಮೇಲೆ ಹಾಗೇ ಇಳಿಸುತ್ತೇವೆ. ಬಂದು ಮಾಡಿ ನೋಡಿ, ನಿಮ್ಮ ಸೊಂಟವೇ ಮಜೂರಿ ಎಷ್ಟೆಂದು ಹೇಳುತ್ತದೆ.

ಅಂದು ಐರೀನ್‌ನ ಮುಚ್ಚಳ ಎತ್ತುವಾಗ ಅಧ್ಯಕ್ಷರು ಎಲ್ಲಿದ್ದರು? ಧಕ್ಕೆಯ ಮೇಲೇ ಇದ್ದರು. ನನ್ನ ಮುಖ ನೋಡದೆ ಡೇಲ್‌ಗೆ ಹೇಳುತ್ತಿದ್ದರು, “ಹುಷಾರು ಡೇಲ್, ವಾಲಿಸಬೇಡ! ಆಕೆಗೂ ಹೇಳು, ಅರ್ಧಾನೂ ಮಗುಚೋ ಹಂಗಿಲ್ಲ ಅಂತ. ನಿಧಾನ ಆದ್ರೂ ಪರವಾಗಿಲ್ಲ, ನಿಧಾನ!” ನಿಧಾನ ಆದರೂ ಪರವಾಗಿಲ್ಲ ಎಂದವರೇ ಆಮೇಲೆ ರೇಡಿಯೋದಲ್ಲಿ ನಿಧಾನಕ್ಕೆ ದುಡ್ಡು ಏಕೆ ಎಂದರು.

ಭಾವ, ಕೂತ್ಕೊಳ್ಳಿ. ನನ್ನದಿನ್ನೂ ಮುಗಿದಿಲ್ಲ.

ಇನ್ನು ಬಣ್ಣ. ಲಾಬ್‌ಸ್ಟರ್ ಹಂಗಾಮಿಗೆ ಮುಂಚೆ ನೀವು ದೋಣಿಗೆ ಬಣ್ಣ ಬಳಿಯುತ್ತೀರಿ. ಬಳಿಯಿರಿ. ಉಳಿದ ಬಣ್ಣವನ್ನು ಚೆಲ್ಲಲು ಮನಸ್ಸು ಬಾರದೆ ಎಂಜಿನ್ನಿಗೂ ಬಳಿಯುತ್ತೀರಿ. ಬೋಲ್ಟು, ಕೊಳವೆ, ತಿರುಪು, ಎಲ್ಲದಕ್ಕೂ. ವರ್ಷಕ್ಕೊಂದು ಪದರ. ನಾನು ಬೋಲ್ಟು ಬಿಚ್ಚುವ ಮೊದಲು ಬೋಲ್ಟು ಎಲ್ಲಿದೆ ಎಂದು ಕೆರೆದು ಹುಡುಕಬೇಕು. ಕಂಪನಿಯ ಪುಸ್ತಕ ಬರೆದವರು ಎಂಜಿನ್ನನ್ನು ದೀಪದ ಕೆಳಗೆ, ಮೇಜಿನ ಮೇಲೆ, ಉಪ್ಪು ಸೋಕದಂತೆ ಇಟ್ಟುಕೊಂಡು ಬರೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ವಿಲ್ಲರ್ಡ್‌ನ ಎಂಜಿನ್ ನೋಡಿಲ್ಲ, ಅಷ್ಟೇ.

ಹಾಗಾದರೆ ನ್ಯಾಯವಾದ ಮಜೂರಿ ಯಾವುದು? ಮೆಕ್ಯಾನಿಕ್ ಕೇಳಿದ್ದೆಲ್ಲ ನ್ಯಾಯವೇ? ಅಲ್ಲ. ನಮ್ಮಲ್ಲೂ ಕಳ್ಳರಿದ್ದಾರೆ. ಹಳೆಯ ಪಂಪು ತೋರಿಸು ಎಂದು ಕೇಳಿ, ತೋರಿಸದಿದ್ದರೆ ಕೊಡಬೇಡಿ. ಇಷ್ಟು ಹೊತ್ತು ಏಕಾಯಿತು ಎಂದು ಕೇಳಿ, ಉತ್ತರಿಸಲು ತಡವರಿಸಿದರೆ ಕೊಡಬೇಡಿ. ಹೋದ ಚಳಿಗಾಲ ಒಂದು ದೋಣಿಯಲ್ಲಿ ನಾನು ಎಣ್ಣೆ ಸೋರದಂತೆ ತಡೆಯುವ ಸೀಲನ್ನು ತಪ್ಪಾಗಿ ಕೂರಿಸಿ ಎಲ್ಲವನ್ನೂ ಮತ್ತೆ ಬಿಚ್ಚಿ ಮತ್ತೆ ಜೋಡಿಸಿದೆ. ಮಜೂರಿ ಒಂದೇ ಸಲ ತೆಗೆದುಕೊಂಡೆ. ಅದು ನನ್ನ ಎಡವಟ್ಟು, ಅದಕ್ಕೆ ನೀವೇಕೆ ಕೊಡಬೇಕು? ಹಾಗೆಯೇ ನಿಮ್ಮ ಬಣ್ಣಕ್ಕೆ, ನಿಮ್ಮ ಅಜ್ಜನ ಮಾತಿಗೆ ನಾನೇಕೆ ಕೊಡಬೇಕು? ನನ್ನ ಎಡವಟ್ಟು ನನ್ನ ಲೆಕ್ಕಕ್ಕೆ, ನಿಮ್ಮ ನಂಬಿಕೆ ನಿಮ್ಮ ಲೆಕ್ಕಕ್ಕೆ. ಇದಕ್ಕಿಂತ ಸರಳ ನ್ಯಾಯ ಯಾವ ಪುಸ್ತಕದಲ್ಲಿದೆ, ತೋರಿಸಿ.

“ನಿನಗೆ ನಂಬಿಕೆ ಇಲ್ಲ ಲೀಟಾ, ಅದಕ್ಕೇ ಹಿಂಗಾಡ್ತೀಯ” ಎಂದು ಹೋದ ವಾರ ಅಂಗಡಿಯಲ್ಲಿ ಒಬ್ಬರು ಅಂದರು. ಹೌದು, ನಾನು ನಂಬುವುದಿಲ್ಲ. ನನ್ನ ಗಂಡ ಬರ್ಟನ್ ಕೂಡ ನಂಬುತ್ತಿರಲಿಲ್ಲ. ಆದರೂ ಅವನ ದೋಣಿಯ ಮುಚ್ಚಳವನ್ನು ನಾವಿಬ್ಬರೂ ಹಿಡಿದೇ ಎತ್ತುತ್ತಿದ್ದೆವು. ಏಕೆ ಎಂದು ಕೇಳಿದರೆ, ಅಣ್ಣ ನೋಡಿದರೆ ಬೇಜಾರು ಮಾಡಿಕೊಳ್ಳುತ್ತಾನೆ ಎನ್ನುತ್ತಿದ್ದ. “ನಮ್ಮಣ್ಣ ಕಡಲಿಗೆ ಹೆದರಲ್ಲ ಕಣೇ, ಮುಚ್ಚಳಕ್ಕೆ ಹೆದರ್ತಾನೆ” ಎಂದು ನಗುತ್ತಿದ್ದ. ಎತ್ತುವಾಗ ನಗಬೇಡ, ಕೈ ಜಾರುತ್ತೆ ಎಂದು ನಾನು ಬೈಯುತ್ತಿದ್ದೆ.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಂದಿದ್ದು ಮಜೂರಿಯ ಮಾತಿಗೆ. ಆದರೆ ಮಾತು ಇಲ್ಲಿಗೆ ಬಂದಾಗಿದೆ.

ಬರ್ಟನ್ ಹೋಗಿ ಹದಿನಾಲ್ಕು ವರ್ಷವಾಯಿತು. ಅವನು ಕೊನೆಯ ಸಲ ಕಡಲಿಗೆ ಹೊರಟ ಹಿಂದಿನ ದಿನ ಅವನ ಎಂಜಿನ್ನಿಗೆ ನಾನೇ ಕೈ ಹಾಕಿದ್ದೆ. ದೋಣಿ ಮಗುಚಿದ ಸುದ್ದಿ ಬಂದ ಮೇಲೆ ಈ ಊರಿನಲ್ಲಿ ಒಂದು ಮಾತು ಹುಟ್ಟಿತು. ಲೀಟಾ ಮುಚ್ಚಳ ಮಗುಚಿ ಇಟ್ಟಿದ್ದಳಂತೆ, ಅವಸರದಲ್ಲಿದ್ದಳಂತೆ, ಯಾರೋ ನೋಡಿದರಂತೆ. ನನ್ನೆದುರು ಯಾರೂ ಆಡಲಿಲ್ಲ. ನನ್ನೆದುರು ಮುಚ್ಚಿದ ಪಾತ್ರೆಗಳಲ್ಲಿ ಬಿಸಿ ಊಟ ತಂದುಕೊಟ್ಟಿರಿ, ತಬ್ಬಿಕೊಂಡಿರಿ, ಹೊರಗೆ ಹೋಗಿ ಆಡಿದಿರಿ. ಅಂದಿನಿಂದ ನನ್ನ ಭಾವ ನನ್ನ ಶೆಡ್ಡಿನ ಹೊಸ್ತಿಲು ತುಳಿದಿಲ್ಲ. ಎಂಜಿನ್ ಕೆಟ್ಟರೆ ಡೇಲ್‌ಗೆ ಹೇಳುತ್ತಾರೆ, ದುಡ್ಡನ್ನು ಬೇರೆಯವರ ಕೈಲಿ ಕಳಿಸುತ್ತಾರೆ.

ಇಂದು ನೂರು ಜನರ ಎದುರು, ಮೈಕಿನಲ್ಲಿ ಹೇಳುತ್ತೇನೆ. ಅಂದು ಮುಚ್ಚಳ ಮಗುಚಿರಲಿಲ್ಲ. ನಾನೊಂದು ತುದಿ, ಅವನೊಂದು ತುದಿ. ನೆಟ್ಟಗೆ ಎತ್ತಿ, ನೆಟ್ಟಗೆ ಇಟ್ಟು, ನೆಟ್ಟಗೆ ಇಳಿಸಿದೆವು. ಆದರೂ ಅವನು ಬರಲಿಲ್ಲ. ಆದ್ದರಿಂದ ನಾನು ನಂಬುವುದಿಲ್ಲ. ನಂಬದೆಯೇ ಈ ಹದಿನಾಲ್ಕು ವರ್ಷವೂ ನಿಮ್ಮ ಒಂದು ಮುಚ್ಚಳವನ್ನೂ ನಾನು ಮಗುಚಿಲ್ಲ. ನನ್ನದೇ ಒಂದು ಸಣ್ಣ ದೋಣಿಯಿದೆ. ಅದರ ಮುಚ್ಚಳವನ್ನು ಯಾರೂ ನೋಡದಿದ್ದಾಗಲೂ, ಒಬ್ಬಳೇ ಇದ್ದಾಗಲೂ, ತೊಡೆಯ ಮೇಲೆ ಆನಿಸಿಕೊಂಡು ನೆಟ್ಟಗೇ ಇಡುತ್ತೇನೆ. ಏಕೆ ಎಂದು ಕೇಳಬೇಡಿ.

ಸಭಿಕರೇ, ಕಂಪನಿಯ ಹುಡುಗ ಬರಲಿ. ಆರು ನಿಮಿಷದಲ್ಲಿ ನಿಮ್ಮ ಮುಚ್ಚಳವನ್ನು ದೋಸೆ ಮಗುಚಿದಂತೆ ಮಗುಚಲಿ. ನಿಂತು ನೋಡುವ ಗುಂಡಿಗೆ ಇರುವವರು ನಿರ್ಣಯಕ್ಕೆ ಒಪ್ಪಿಗೆ ಕೊಡಿ. ಅವನಿಗೂ ನೆಟ್ಟಗೆ ಎತ್ತಲು ಹೇಳುತ್ತೀರಾದರೆ ಅವನೂ ಒಂದು ಗಂಟೆ ಬರೆಯುತ್ತಾನೆ, ಜೊತೆಗೆ ಪಟ್ಟಣದಿಂದ ಬಂದ ಗಾಡಿಯ ಬಾಡಿಗೆಯನ್ನೂ ಬರೆಯುತ್ತಾನೆ. ಮತವನ್ನು ಚೀಟಿಯಲ್ಲಿ ಹಾಕುವ ಬದಲು ಕೈ ಎತ್ತಿ ಹಾಕಿ. ಯಾರ ವಿಷಯಕ್ಕೆ ಮತ ನಡೆಯುತ್ತದೋ ಅವರು ಆ ಹೊತ್ತಿಗೆ ಅಡುಗೆಮನೆಗೆ ಹೋಗುವುದು ನಮ್ಮ ಪದ್ಧತಿ. ನಾನು ಹೋಗುವುದಿಲ್ಲ. ಇಲ್ಲೇ ನಿಂತು ಒಂದೊಂದು ಕೈಯನ್ನೂ ನೋಡುತ್ತೇನೆ.

ಶೆಡ್ಡು ಹೋದರೆ ಹೋಗಲಿ. ನನ್ನ ಸಲಕರಣೆಗಳನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಧಕ್ಕೆಯ ಆಚೆ ರಸ್ತೆಯ ಬದಿಯಲ್ಲಿ ನಿಲ್ಲುತ್ತೇನೆ. ರಸ್ತೆ ಸಂಘದ್ದಲ್ಲ. ಅಲ್ಲೂ ನನ್ನ ಬಿಲ್ಲಿನಲ್ಲಿ ಮುಚ್ಚಳದ ಸಾಲು ಇದ್ದೇ ಇರುತ್ತದೆ.

ಕೊನೆಯದಾಗಿ ಅಧ್ಯಕ್ಷರಿಗೆ ಒಂದು ಮಾತು. ಐರೀನ್‌ನ ಗೇರ್ ಬಾಕ್ಸು ಎಣ್ಣೆ ಸೋರುತ್ತಿದೆ ಎಂದು ಡೇಲ್‌ಗೆ ಹೇಳಿದ್ದೀರಿ. ನಾಳೆ ಬೆಳಗಿನ ಉಬ್ಬರಕ್ಕೆ ನಾನು ಬರುತ್ತೇನೆ, ಮತದ ಫಲ ಏನೇ ಇರಲಿ. ಡೇಲ್ ನಾಳೆ ಹಲ್ಲು ಕೀಳಿಸಲು ಪಟ್ಟಣಕ್ಕೆ ಹೋಗುತ್ತಾನೆ. ಮುಚ್ಚಳದ ಇನ್ನೊಂದು ತುದಿ ಹಿಡಿಯಲು ಜನವಿಲ್ಲ. ಭಾವ, ನೀವೇ ಬಂದು ಹಿಡಿಯಿರಿ. ನಿಮ್ಮ ತಮ್ಮ ಹಿಡಿಯುತ್ತಿದ್ದ ಕಡೆ ನಿಂತುಕೊಳ್ಳಿ. ಮುಚ್ಚಳದ ಮಜೂರಿಯಲ್ಲಿ ಅರ್ಧ ಬಿಡುತ್ತೇನೆ. ಅರ್ಧಕ್ಕಿಂತ ಒಂದು ಕಾಸೂ ಹೆಚ್ಚು ಬಿಡುವುದಿಲ್ಲ.

ಫಲಕ ಕೊಟ್ಟವರಿಗೆ, ಚೌಡರ್ ಮಾಡಿದವರಿಗೆ, ನಡುವೆ ಎದ್ದು ಹೋಗದೆ ಕೂತವರಿಗೆ, ಎದ್ದು ಮತ್ತೆ ಕೂತ ಅಧ್ಯಕ್ಷರಿಗೆ ನನ್ನ ವಂದನೆಗಳು. ಇನ್ನು ಕೈ ಎತ್ತುವವರು ಎತ್ತಬಹುದು. ನಮಸ್ಕಾರ.