ಮೊದಲನೇ ದಿನದ ಹಾಲು

ಪಶು ಆಸ್ಪತ್ರೆಯಲ್ಲಿ ಬೆಕ್ಕಿಗೆ ಸೂಜಿ ಹಾಕಿಸಲು ಕಾಯುತ್ತಿದ್ದೆ. ಎದುರಿಗೆ, ಮೇಕೆಯ ಹಗ್ಗ ಹಿಡಿದ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪಕ್ಕದಲ್ಲಿ ಅವಳ ಅಕ್ಕ.

“ಮೇಕೆಗೆ ಏನೂ ಆಗಿಲ್ಲ ಅಂತ ವರದಿ ಬಂತಲ್ಲೇ, ಇನ್ಯಾಕೆ ಅಳ್ತೀಯ?”

“ಮೂರು ವಾರ ಇಲ್ಲೇ ಕಟ್ಟಿಹಾಕಿದ್ರಲ್ಲಕ್ಕಾ.”

“ಮತ್ತೆ? ಬೇಲಿ ನುಗ್ಗಿ ಪ್ರಯೋಗದ ಹೊಲದ ಕುಲಾಂತರಿ ಜೋಳ ಮೇಯ್ದ್ರೆ ಸುಮ್ನೆ ಬಿಡ್ತಾರಾ? ಹಾಲೂ ಚೆಲ್ಲಬೇಕು ಅಂತ ನಿಯಮ.”

“ಚೆಲ್ಲಿದ್ರು. ಮೊದಲನೇ ದಿನದ್ದು ಬಿಟ್ಟು.”

“ಅದೇನಾಯ್ತು?”

“ಮೇಯ್ದಿದ್ದು ನಂಗೆ ಗೊತ್ತಿರ್ಲಿಲ್ಲ. ಮಗೂಗೆ ಕುಡಿಸಿಬಿಟ್ಟಿದ್ದೆ. ಯಾರಿಗೂ ಹೇಳೋಕೆ ಬಾಯೇ ಬರ್ಲಿಲ್ಲ. ದಿನಾ ಅದು ಮಲಗಿದ ಮೇಲೆ ಮೂಗಿನ ಹತ್ರ ಬೆರಳಿಟ್ಟು ನೋಡ್ತಿದ್ದೆ.”

ಅಕ್ಕ ಹಗ್ಗವನ್ನು ತಾನೇ ತೆಗೆದುಕೊಂಡಳು.

“ಇಷ್ಟೆಲ್ಲ ಮಾಡಿ ಹೆಂಗೆ ಮೆಲುಕು ಹಾಕ್ತಿದೆ ನೋಡು, ಮುಂಡೇದು! ನಡಿ ಮನೆಗೆ. ಇವತ್ತು ನೀನು ನಿದ್ದೆ ಮಾಡು. ಬೆರಳು ನಾನಿಡ್ತೀನಿ.”