ಕೂತುಬಿಟ್ಟ ಕೋಳಿಗಳು

ಅಲ್ಲ ಲೋಕನಾಥಣ್ಣ, ಕೋಳಿಗಳು ಯಾಕೆ ಹಾಗೆ ಕೂತವು ಅಂತ ನೀವು ಕೇಳಿದ್ದು ಸರಿಯೇ. ಫಾರ್ಮ್ ನೋಡಿಕೊಂಡದ್ದು ನೀವು. ನೀವಲ್ಲದೆ ಮತ್ತೆ ಯಾರು ಕೇಳುದು... ಸೀಟ್ ಬೆಲ್ಟ್ ಹಾಕಿ, ಏರ್‌ಪೋರ್ಟ್ ರಸ್ತೆಯಲ್ಲಿ ಕ್ಯಾಮೆರಾ ಉಂಟು.

ಎಂತ ಗೊತ್ತುಂಟಾ, ಜೋಳದಲ್ಲಿ, ಸೋಯಾದಲ್ಲಿ ರಂಜಕ ಉಂಟು. ಮೂಳೆಗೆ ಬೇಕಾದ್ದು. ಆದರೆ ಅದಕ್ಕೆ ಬೀಗ ಹಾಕಿದ ಹಾಗೆ, ಕೋಳಿಯ ಹೊಟ್ಟೆಗೆ ತೆಗೀಲಿಕ್ಕೆ ಬರುದಿಲ್ಲ. ತೆಗೆಯುದು ಎಂಜೈಮ್. ಅದೋ, ಮೊಟ್ಟೆಯ ಬಿಳಿಯ ಹಾಗೆ, ಬಿಸಿ ತಾಗಿದರೆ ಮುಗೀತು. ಶುಐಬಾದ ನಮ್ಮ ಮಿಲ್ಲಿನಲ್ಲಿ ಕೋಳಿ ಆಹಾರವನ್ನು ಉಗಿಯಲ್ಲಿ ಬೇಯಿಸಿಯೇ ಗುಳಿಗೆ ಮಾಡುದಲ್ವಾ? ಅಲ್ಲಿ ಬದುಕಿದರೆ ಮುಂದೆ ಹೊಟ್ಟೆಯ ಆಸಿಡ್. ಎರಡನ್ನೂ ತಡೆಯುವಂಥದ್ದು ಮಾಡುದೇ ನನ್ನ ಕೆಲಸ. ಇಲ್ಲಿ ಒಂದು ಬದಲಿಸಿ, ಅಲ್ಲಿ ಒಂದು ಬದಲಿಸಿ, ಸಡಿಲ ಇದ್ದಲ್ಲಿ ಗಂಟು ಹಾಕಿ... ಯಾಕೆ ನಗ್ತೀರಿ? ಹೌದು, ನಿಮ್ಮ ಹೆಂಡತಿ ಸುಗಂಧಿಯಕ್ಕ ಊರ ಮನೆಯಲ್ಲಿ ಮಲ್ಲಿಗೆ ಕಟ್ಟಿದ ಹಾಗೆಯೇ.

ಬಿಸಿಯಲ್ಲಿ ಪಾಸಾಯಿತು. ಆಸಿಡ್‌ನಲ್ಲೂ ಪಾಸಾಯಿತು. ಮ್ಯಾನೇಜರ್ ಮುತ್ತಲಿಬ್ ಸಾರ್ ಯಲ್ಲಾ, ಯಲ್ಲಾ, ಬೇಗ ಬೇಗ ಅಂತ ಬೆನ್ನು ಬಿದ್ದಿದ್ರು. ಆಹಾರಕ್ಕೆ ಬೇರೆಯಾಗಿ ಬೆರೆಸ್ತಿದ್ದ ರಂಜಕದ ಪುಡಿ ನಿಲ್ಲಿಸಿ, ನನ್ನ ಎಂಜೈಮ್ ಹಾಕಿ ನಿಮ್ಮ ಶೆಡ್ಡಿಗೆ ಕಳಿಸಿದೆವು. ಮತ್ತೆ ನಿಮ್ಮ ಫೋನ್ ಬಂತು. ಮೇಡಂ, ಮರಿಗಳು ಏಳುದಿಲ್ಲ ಅಂದ್ರಿ.

ನಾನು ಜಹ್ರಾದ ನಿಮ್ಮ ಫಾರ್ಮಿಗೆ ಬಂದಾಗ ನೀವು ಒಂದೊಂದನ್ನೇ ಎತ್ತಿ ನೀರಿನ ಹತ್ತಿರ ಇಡ್ತಾ ಇದ್ರಿ. ಮೂಳೆಗೆ ರಂಜಕ ಸಿಗದೆ ಕಾಲು ರಬ್ಬರಿನ ಹಾಗೆ. ಕಡೆಗೆ ಇಡೀ ಶೆಡ್ಡನ್ನೇ ಕೊಲ್ಲಬೇಕಾಯಿತು... ನೀವೇ ಮಾಡಿದ್ದಂತೆ. ಬೇರೆಯವರ ಕೈಗೆ ಕೊಡಲಿಲ್ಲವಂತೆ.

ಮೀಟಿಂಗಿನಲ್ಲಿ, ಫಾರ್ಮಿನಲ್ಲಿ ಆಹಾರದ ಚೀಲ ಬಿಸಿಲಿನಲ್ಲಿ ಬಿದ್ದಿರಬಹುದು, ಅದಕ್ಕೇ ಎಂಜೈಮ್ ಹಾಳಾದದ್ದು ಅಂತ ಯಾರೋ ಹೇಳಿದ್ರಲ್ಲ... ಯಾರೋ ಅಲ್ಲ. ನಾನೇ. ಇರಬಹುದು ಅಂತ ಅಷ್ಟೇ ಅಂದದ್ದು ನಾನು. ಅಷ್ಟಕ್ಕೇ ಖಲಾಸ್, ನಿಮ್ಮನ್ನು ಊರಿಗೆ ಕಳಿಸಿ ಅಂತಾರೆ ಅಂತ ನನಗೇನು ಗೊತ್ತು?

ಕೋಪ ಉಂಟಲ್ಲ ನನ್ನ ಮೇಲೆ? ಅದಕ್ಕೇ ಆಚೆ ನೋಡ್ತಾ ಇರುದು. ಇರಲಿ, ಇರಬೇಕಾದ್ದೇ. ಊರಲ್ಲಿ ನನ್ನ ಅಣ್ಣ ಅಲೋಶಿಯಸ್ ಇದ್ದಾನೆ, ಕೆಲಸಕ್ಕೆ ಅವನಿಗೆ ಒಂದು ಮಾತು ಹೇಳ್ತೇನೆ... ಬೇಡವಾ? ಸರಿ. ಬೇಡ.

ಏರ್‌ಪೋರ್ಟ್ ಬಂತು. ಬ್ಯಾಗ್ ನಾನು ತೆಗೀತೇನೆ, ನೀವು ಕೂತಿರಿ... ಎಂತದು ಇದು? ನನಗೆ ಯಾಕೆ ಕೈ ಮುಗಿಯುದು? ಲೋಕನಾಥಣ್ಣ, ನೀವು ಅಳ್ತಾ ಇದ್ದೀರಾ?

ನಿಮ್ಮಿಂದಾಗಿ ನನ್ನ ಎಂಜೈಮಿನ ಕೆಲಸ ಹಾಳಾಯಿತು ಅಂತ ಕ್ಷಮೆ ಕೇಳುದಾ? ಅದಕ್ಕಾ... ಅದಕ್ಕಾ ಇಷ್ಟು ದಿನ ಮುಖ ಎತ್ತದೆ ಇದ್ದದ್ದು? ನಾನು ಕೋಪ ಅಂದ್ಕೊಂಡೆ.

ಕೈ ಇಳಿಸಿ. ದಮ್ಮಯ್ಯ, ಇಳಿಸಿ.

ಉಗಿಯಲ್ಲಿ ಬೆಂದು ಉಳಿದದ್ದು ಬಿಸಿಲಿಗೆ ಸಾಯುದಿಲ್ಲ ಅಣ್ಣ. ನೀವು ಚೀಲವನ್ನು ಬಿಸಿಲಿಗೆ ಹಾಕಿದ್ದರೂ ಸಾಯ್ತಿರಲಿಲ್ಲ. ಬಿಸಿ ಬೇರೆ, ಆಸಿಡ್ ಬೇರೆ ಕೊಟ್ಟಾಗ ಪಾಸಾದದ್ದು. ಮೊದಲು ಬಿಸಿ ಮಾಡಿ ಆಮೇಲೆ ಆಸಿಡ್‌ಗೆ ಹಾಕಿದಾಗ ಉಳೀಲಿಲ್ಲ. ನಾನು ಕಣ್ಣಾರೆ ನೋಡಿದ್ದೆ. ಆ ಚೀಲಗಳು ಮಿಲ್ಲಿನಿಂದ ಹೊರಡುವ ಮೊದಲೇ ನೋಡಿದ್ದೆ. ಯಾರಿಗೂ ಹೇಳಲಿಲ್ಲ. ಟ್ಯೂಬ್ ತೊಳೆದು ಮನೆಗೆ ಹೋದೆ.

ಹಾಗೆ ನೋಡಬೇಡಿ... ಅಲ್ಲ, ನೋಡಿ. ಆದರೆ ಬಾಗಿಲು ತೆಗೀಬೇಡಿ, ಸ್ವಲ್ಪ ಇರಿ. ರಿಂಗ್ ಆಗ್ತಾ ಉಂಟು. ಸ್ಪೀಕರಿನಲ್ಲಿ ಹಾಕಿದ್ದೇನೆ, ನೀವೂ ಕೇಳಿ.

ಹಲೋ, ಮುತ್ತಲಿಬ್ ಸಾರ್. ನಾನು ಡೆಲ್ಮಾ. ಕೋಳಿಗಳ ವಿಷಯ, ಮೀಟಿಂಗಿನಲ್ಲಿ ನಾನು ಹೇಳಿದ್ದು ಸುಳ್ಳು... ಹೌದು, ಲೋಕನಾಥಣ್ಣ ನನ್ನ ಪಕ್ಕದಲ್ಲೇ ಇದ್ದಾರೆ. ಇಲ್ಲ ಸಾರ್, ಇನ್ನೂ ಒಳಗೆ ಹೋಗ್ಲಿಲ್ಲ.